ತಳವಿಲ್ಲದ ಬುಟ್ಟಿಯ ಸಂಸಾರ

ಸಜ್ಜೆ ರೊಟ್ಟಿ ಬಡಿಯುತ್ತ ಕೂತಿದ್ದೆ. ನಮ್ಮ ಸೇಡಂ ಕಡೆಯ ಜೋಳದ ಹಿಟ್ಟು ಕೈ ಹೇಳಿದ್ದು ಕೇಳುತ್ತದೆ. ನಾಸಿಕದ ಸಜ್ಜೆ ಹಿಟ್ಟು ಮುನಿಸಿಕೊಂಡ ಅಳಿಯನ ಹಾಗೆ, ಎಲ್ಲಿ ಮುಟ್ಟಿದರೆ ಅಲ್ಲಿ ಬಿರಿಯುತ್ತದೆ. ಬಿರಿದದ್ದನ್ನು ನೀರು ಹಚ್ಚಿ ಕೂಡಿಸುತ್ತಿದ್ದಾಗ ಮನೆಯೊಡತಿ ಸುಮನ್ ಕಾಕು ಓಡಿ ಬಂದರು. ಅವರದು ಮರಾಠಿ, ಅದರಲ್ಲಿ ಕಾಕು ಅಂದರೆ ಚಿಕ್ಕಮ್ಮ; ಅವರ ಮಾತನ್ನು ನಾನು ನನ್ನ ಭಾಷೆಯಲ್ಲೇ ಬರೆಯುತ್ತೇನೆ. "ಏ ಪೋರಿ, ಒಲೆ ಬಿಟ್ಟು ಹೊರಗೆ ಬಾ. ನಿನ್ನ ಗಂಡನ್ನ ಹೆಗಲ ಮೇಲೆ ಹೊತ್ತು ತರ್ತಿದ್ದಾರೆ."

ನಮ್ಮಲ್ಲಿ ಗಂಡಸನ್ನು ಹೆಗಲ ಮೇಲೆ ಮನೆಗೆ ತಂದರೆ ಹೆಂಡತಿ ತನ್ನ ಬಳೆ ಮುಟ್ಟಿ ನೋಡಿಕೊಳ್ಳಬೇಕು. ಕುಸ್ತಿ ಗೆದ್ದ ಪೈಲ್ವಾನರನ್ನು ಹಾಗೆ ಮೆರೆಸಿದ್ದನ್ನು ನಾನೂ ಚಿಕ್ಕವಳಿದ್ದಾಗ ನೋಡಿದ್ದೆ, ಆದರೆ ಆ ಗಳಿಗೆಯಲ್ಲಿ ಅದು ಯಾರಿಗೆ ನೆನಪಾಗುತ್ತದೆ? ಹಿಟ್ಟಿನ ಕೈಯಲ್ಲೇ ಕೊರಳಿನ ಲಿಂಗ ಹಿಡಿದು, ಶಿವ ಶಿವ ಅನ್ನುತ್ತ ಓಣಿಗೆ ಬಂದೆ. ಗುಲಾಲು ಹಾರುತ್ತಿತ್ತು. ಗುಂಪಿನ ತಲೆಯ ಮೇಲೆ ನಮ್ಮ ಮನೆಯವರು, ಮೈಯೆಲ್ಲ ಕೆಂಪು, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾರೆ. ಆಟದಲ್ಲಿ ಮುಂಬಯಿಯ ತಂಡವನ್ನು ಸೋಲಿಸಿದ್ದರಂತೆ.

ನಾವು ಬಾಡಿಗೆಗಿದ್ದ ವಾಡೆಯ ಬಾಗಿಲಿಗೆ ಬಂದು ಅವರನ್ನು ಕೆಳಗಿಳಿಸಿದರು. ಇಳಿಸಿದ ಮೇಲೂ ಅವರ ಎತ್ತರಕ್ಕೆ ಬಾಗಿಯೇ ಒಳಗೆ ಬರಬೇಕಾಯಿತು. ಅಷ್ಟು ಮೆರೆದ ಮನುಷ್ಯ ನನ್ನ ಮುಖ ನೋಡಿ, "ಯಾಕ, ಏನಾಗ್ಯಾದ?" ಅಂದರು.

"ಏನೂ ಆಗಿಲ್ಲ. ರೊಟ್ಟಿ ಹೊತ್ಯಾದ," ಅಂದೆ. ಹೆಂಚಿನ ಮೇಲಿನದು ಕರಕಾಗಿತ್ತು. ಮನುಷ್ಯ ಗಟ್ಟಿ ಇದ್ದರೆ ಕರಕು ರೊಟ್ಟಿಯೂ ಪ್ರಸಾದವೇ. ನಾಸಿಕದಲ್ಲಿ ನಾನು ಎಣಿಸಿಕೊಂಡ ಶಿವನ ಮೊದಲ ಉಪಕಾರ ಅದು.

ಊರಿನಿಂದ ಬಂದವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: ಆಡುವುದಕ್ಕೆ ಪಗಾರ ಕೊಡುತ್ತಾರೆಯೇ? ಮದುವೆಗೆ ಮೊದಲು ನಮ್ಮ ಅಪ್ಪನೂ ಇದನ್ನೇ ಕೇಳಿದ್ದರು. ಬಾಸ್ಕೆಟ್‌ಬಾಲ್ ಅಂದರೆ ಎತ್ತರದಲ್ಲಿ ಕಟ್ಟಿದ ಬುಟ್ಟಿಗೆ ಚೆಂಡು ಹಾಕುವುದು ಎಂದು ತಿಳಿದ ಮೇಲೆ ಅವರು ಅಳಿಯನಾಗುವವರ ಎದುರೇ ಕೂತು ವಿಚಾರಿಸಿದರು.

"ಆ ಬುಟ್ಟಿಗಿ ತಳ ಇರಂಗಿಲ್ಲಂತ?"

"ಇರಂಗಿಲ್ರಿ ಮಾವಾರ. ಹಾಕಿದ ಚೆಂಡು ಕೆಳಗ ಬೀಳ್ತದ."

"ಮತ್ತ ಹಾಕಾದು?"

"ಮತ್ತ ಹಾಕಾದು."

"ತಳ ಇಲ್ಲದ ಬುಟ್ಟಿ ನಂಬಿ ನನ್ನ ಮಗಳ ಸಂಸಾರ ಮಾಡ್ತೀರಿ," ಎಂದರು ಅಪ್ಪ. ಆದರೆ ಹುಡುಗನ ಗುಣ ಛಲೋ ಇತ್ತು, ಒಪ್ಪಿದರು.

ನಮ್ಮ ಮನೆಯವರು ಬಡಿಗರ ಮಗ. ಕಲಬುರ್ಗಿಯಲ್ಲಿ ಓದುವಾಗ ಇವರ ಎತ್ತರ ನೋಡಿ ಡ್ರಿಲ್ ಮಾಸ್ತರರು ಕೈಗೆ ಚೆಂಡು ಕೊಟ್ಟರು. ಅಲ್ಲಿಂದ ಹೈದರಾಬಾದು, ಅಲ್ಲಿಂದ ನಾಸಿಕದ ಒಂದು ದೊಡ್ಡ ಕಾರ್ಖಾನೆ. ಆ ಕಾಲದಲ್ಲಿ ಕಾರ್ಖಾನೆಗಳು, ರೈಲ್ವೆಯವರು, ಪೊಲೀಸರು ತಮ್ಮದೊಂದು ತಂಡ ಕಟ್ಟಿ ಆಟಗಾರರಿಗೆ ನೌಕರಿ ಕೊಡುತ್ತಿದ್ದರು. ಕಾಗದದಲ್ಲಿ ಇವರು ಸ್ಟೋರಿನ ಗುಮಾಸ್ತ. ಮುಂಜಾನೆ ಹೋಗಿ ಹಾಜರಿ ಹಾಕಿ, ಮಧ್ಯಾಹ್ನ ಊಟವಾದ ಮೇಲೆ ಮಣ್ಣಿನ ಕೋರ್ಟಿಗೆ ಇಳಿದರೆ ಕತ್ತಲಾಗುವವರೆಗೆ ಅದೇ ಕೆಲಸ. ಪಂದ್ಯಗಳಿದ್ದರೆ ರೈಲು ಹತ್ತಿ ಕಲಕತ್ತೆ, ಮದ್ರಾಸು, ಜೈಪುರ. ಬರುವಾಗ ಗೆದ್ದ ಒಂದು ಕಪ್ಪು ತರುತ್ತಿದ್ದರು, ಇಲ್ಲವೇ ಒಂದು ಬಾವು.

ಇವರಿಗೆ ತಕ್ಕ ಮನೆ ಸಿಗಲಿಲ್ಲ. ನಾಸಿಕದ ಹಳೆಯ ಊರಿನಲ್ಲಿ ವಾಡೆಗಳೇ ಹೆಚ್ಚು. ವಾಡೆ ಅಂದರೆ ನಡುವೆ ಅಂಗಳ, ಸುತ್ತ ಮರದ ಕಂಬಗಳ ಪಡಸಾಲೆ, ಕೋಣೆಗೊಂದು ಸಂಸಾರ. ನಮ್ಮ ಕಡೆಯ ಕಲ್ಲಿನ ಮನೆಗಳ ಬಾಗಿಲೇನೂ ಎತ್ತರವಲ್ಲ, ಆದರೆ ಅಲ್ಲಿ ಹುಟ್ಟಿದವರಿಗೆ ಎಲ್ಲಿ ಬಾಗಬೇಕೆಂದು ಗೊತ್ತಿರುತ್ತದೆ. ಇಲ್ಲಿ ಮನೆ ನೋಡಲು ಹೋದಲ್ಲೆಲ್ಲ ಇವರು ಮೊದಲು ಹಣೆ ಬಡಿಸಿಕೊಳ್ಳುವರು, ಆಮೇಲೆ ಬಾಡಿಗೆ ಕೇಳುವರು. ಪಂಚವಟಿಯ ಸುಮನ್ ಕಾಕು ಮಾತ್ರ ಹಾಗೆ ಬಡಿಸಿಕೊಂಡವರನ್ನು ಕೂಡಿಸಿ, ಹಣೆಗೆ ಅರಿಸಿನ ಹಚ್ಚಿ, "ಏನು ತಿನ್ನುತ್ತೀರಿ?" ಎಂದು ಕೇಳಿದರು. ಜೋಳ, ಬೇಳೆ, ಕಾಯಿಪಲ್ಯ ಅಂದೆ. ಕೊರಳಿನ ಲಿಂಗ ನೋಡಿದರು. ಕೋಣೆ ಕೊಟ್ಟರು. ಮರುದಿನ ಹೋಗಿ ನೋಡಿದರೆ ಬಾಗಿಲಿನ ಮೇಲಿನ ತೊಲೆಗೆ ಹಳೆಯ ಗೋಧಡಿಯ ತುಂಡು, ಅಂದರೆ ಕೌದಿ, ಸುತ್ತಿ ಕಟ್ಟಿಸಿದ್ದರು. ಪರ ಊರಿನಲ್ಲಿ ನಮ್ಮ ತಲೆ ನೋಯಬಾರದೆಂದು ಒಬ್ಬರು ಕೌದಿ ಕಟ್ಟಿದರೆ ಅದಕ್ಕಿಂತ ಏನು ಬೇಕು?

ಮಂಚಕ್ಕೆ ಮಾತ್ರ ಉಪಾಯವಿರಲಿಲ್ಲ. ನನ್ನ ತವರಿನ ಟ್ರಂಕನ್ನು ಮಂಚದ ಕಾಲಿಗೆ ಒತ್ತಿ ಇಟ್ಟು ಅದರ ಮೇಲೆ ಪಾದ ಚಾಚುತ್ತಿದ್ದರು. ನನ್ನ ಮದುವೆಯ ಸೀರೆಗಳೆಲ್ಲ ವರ್ಷಗಟ್ಟಲೆ ಇವರ ಕಾಲಡಿಯಲ್ಲಿದ್ದವು. "ನಿನ್ನ ಗಂಡ ಮಲಗಿದರೆ ಎರಡು ಪೇಟೆಯಲ್ಲಿ ಮಲಗುತ್ತಾನೆ," ಎಂದು ಕಾಕು ನಗುವರು.

ಭಾಷೆಯನ್ನು ನಾನು ನೀರು ಹಿಡಿಯುವ ನಲ್ಲಿಯ ಹತ್ತಿರ ಕಲಿತೆ. ಅಲ್ಲಿ ಹೆಂಗಸರು ಗಂಗೆಗೆ ಹೋಗಿಬಂದೆ, ಗಂಗೆಯಲ್ಲಿ ಬಟ್ಟೆ ಒಗೆದೆ ಅನ್ನುವಾಗ, ಇವರೆಲ್ಲ ಇಷ್ಟು ಸುಲಭದಲ್ಲಿ ಕಾಶಿಗೆ ಹೋಗಿಬರುತ್ತಾರಲ್ಲ ಎಂದು ನನಗೆ ಹೊಟ್ಟೆಕಿಚ್ಚು. ಇಲ್ಲಿ ಗೋದಾವರಿಗೇ ಗಂಗೆ ಅನ್ನುತ್ತಾರೆ, ಮನೆಯಿಂದ ಕೂಗಳತೆಯಲ್ಲಿ ಹರಿಯುತ್ತಾಳೆ ಎಂದು ತಿಳಿದ ದಿನ ನಾನೂ ಕೊಡ ಹಿಡಿದು ಗಂಗೆಗೆ ಹೋದೆ. ಸೋಮವಾರಗಳಲ್ಲಿ ಕೂಡಿಬಂದಾಗ ತ್ರ್ಯಂಬಕೇಶ್ವರ. ನಮ್ಮ ಕಡೆ ಜನ್ಮದಲ್ಲಿ ಒಮ್ಮೆ ಕಂಡರೆ ಪುಣ್ಯ ಅನ್ನುವ ಜ್ಯೋತಿರ್ಲಿಂಗ ಇಲ್ಲಿ ಮೋಟಾರಿನಲ್ಲಿ ಹೋಗಿ ಊಟದ ಹೊತ್ತಿಗೆ ಬರುವಷ್ಟು ಹತ್ತಿರ.

ಊಟದ ಮಾತು ಬೇರೆ. ಇಲ್ಲಿ ಬೇಳೆಯ ಸಾರಿಗೆ ಆಮಟಿ ಅನ್ನುತ್ತಾರೆ, ಅದಕ್ಕೆ ಬೆಲ್ಲ ಹಾಕುತ್ತಾರೆ. ಕಾಕು ಕೊಟ್ಟ ಮೊದಲ ಬಟ್ಟಲು ಆಮಟಿ ತಿಂದು ನಾನು ಇದು ಹೋಳಿಗೆಯ ಜೊತೆಯದೇನೋ ಅಂದುಕೊಂಡೆ. ನಾನು ಕೊಟ್ಟ ಶೇಂಗಾ ಹಿಂಡಿ, ನಮ್ಮ ಖಾರದ ಚಟ್ನಿಪುಡಿ, ತಿಂದು ಕಾಕು ಅಂಗಳದಲ್ಲೆಲ್ಲ ನೀರು ಹುಡುಕಿದರು. ಬರುಬರುತ್ತ ಅವರು ಬೆಲ್ಲ ಕಡಿಮೆ ಮಾಡಿದರು, ನಾನು ಖಾರ ಕಡಿಮೆ ಮಾಡಿದೆ. ಇವರು ಪಂದ್ಯಕ್ಕೆ ಹೋದ ವಾರಗಳಲ್ಲಿ ಕೋಣೆ ನುಂಗಲು ಬರುತ್ತಿತ್ತು. ಆಗ ದೇವರ ಮುಂದೆ ಕೂತು ಕನ್ನಡದಲ್ಲಿ ಜೋರಾಗಿ ಮಾತಾಡುವೆ. ಕಾಕು ಇಣುಕಿ, "ಯಾರು ಬಂದಿದ್ದಾರೆ?" ಅನ್ನುವರು. "ಶಿವ," ಅನ್ನುವೆ. "ಅವನಿಗೂ ಚಹಾ ಇಡಲೇ?" ಅನ್ನುವರು.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ ಮಗಳು ಗೌರಿ ಬಂದಳು. ಅವಳು ನಡೆಯಲು ಕಲಿತ ವರ್ಷವೇ ಇವರ ಬಲ ಮೊಣಕಾಲು ಕೈಕೊಟ್ಟಿತು.

ಮೇಲೆ ಹಾರಿ ಇಳಿಯುವಾಗ ಯಾರದೋ ಪಾದದ ಮೇಲೆ ಪಾದ ಬಿತ್ತಂತೆ. ಬಾವು ಇಳಿಯಿತು, ನೋವು ಇಳಿಯಲಿಲ್ಲ. ಮುಂಬಯಿಯ ಡಾಕ್ಟರು ನನ್ನ ಎದುರೇ ಹೇಳಿದರು, ಇನ್ನೊಮ್ಮೆ ಹೀಗೆ ಬಿದ್ದರೆ ಜನ್ಮವಿಡೀ ಕುಂಟಬೇಕಾಗುತ್ತದೆ, ಆಟ ಸಾಕು. ಕಾರ್ಖಾನೆಯ ಸಾಹೇಬರು ಒಳ್ಳೆಯವರು, ನಾಸಿಕದ ಹತ್ತಿರ ಸಿನ್ನರಿನಲ್ಲಿ ಏಳುತ್ತಿರುವ ಹೊಸ ಶೆಡ್ಡಿನ ಸ್ಟೋರಿನಲ್ಲಿ ಖಾಯಂ ಕುರ್ಚಿ ಕೊಡುತ್ತೇವೆ ಅಂದರು. ನನಗೆ ಸಕ್ಕರೆ ಹಂಚುವಷ್ಟು ಸಂತೋಷ. ಇವರು ಮಾತ್ರ ಮನೆಯಲ್ಲಿ ಕೂತು ಗೋಡೆ ನೋಡುವರು.

"ಕುರ್ಚಿ ಸಿಕ್ಕದ, ಕೈಕಾಲು ಗಟ್ಟಿ ಅವ. ಇನ್ನೇನ್ ಬೇಕ್ರಿ?" ಅಂದೆ ಒಂದು ದಿನ.

"ನಟ್ಟು ಬೋಲ್ಟು ಎಣಿಸ್ಲಾಕ ಇಷ್ಟು ಉದ್ದ ಯಾಕ ಬೆಳಸ್ದ ನಿನ್ನ ಶಿವ?" ಅಂದರು.

ಅವರು ಕೆಲಸ ಕಳೆದುಕೊಂಡಿರಲಿಲ್ಲ, ತಮ್ಮನ್ನೇ ಕಳೆದುಕೊಂಡ ಹಾಗಿದ್ದರು. ಆದರೆ ನನಗೆ ಕಾಲು ಮುಖ್ಯ. ಆ ನವರಾತ್ರಿಯಲ್ಲಿ ಔರಂಗಾಬಾದಿನ ಒಂದು ಗಿರಣಿಯ ತಂಡ ನಾಸಿಕಕ್ಕೆ ಬರುವುದಿತ್ತು. ಇವರು ಪೆಟ್ಟಿಗೆಯಿಂದ ಮೊಣಕಾಲಿಗೆ ಸುತ್ತುವ ಪಟ್ಟಿ ತೆಗೆದು ಬಿಸಿಲಿಗೆ ಹಾಕಿದ್ದು ಕಂಡಾಗಲೇ ನನಗೆ ತಿಳಿಯಿತು. ಕಡೆಯ ಒಂದು ಆಟ ಆಡಿಬಿಡುತ್ತೇನೆ ಎಂದು ತಂಡದ ಕ್ಯಾಪ್ಟನ್ ದೇಶಮುಖನಿಗೆ ಮಾತು ಕೊಟ್ಟಿದ್ದರು. ನಾನು ಅತ್ತೆ, ಬೈದೆ, ಉಪವಾಸ ಮಾಡಿದೆ. "ಒಂದೇ ಆಟ," ಅಂದರು.

ಆಟದ ದಿನ ಖಂಡೇನವಮಿ.

ನಮ್ಮ ಕಡೆಯ ಪದ್ಧತಿ ಓದುವವರಿಗೆ ಗೊತ್ತೇ ಇದೆ. ನವಮಿಯ ದಿನ ದುಡಿಯುವ ಸಾಮಾನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಪೂಜೆಗೆ ಕೂಡಿಸುತ್ತೇವೆ. ಕೂತ ಸಾಮಾನನ್ನು ಮರುದಿನ ದಸರೆಗೆ ಬನ್ನಿ ಮುಡಿದು ಬರುವ ತನಕ ಎತ್ತುವ ಹಾಗಿಲ್ಲ. ಕಾಕುವಿನ ಮನೆಯಲ್ಲಿ ಹಾಗಲ್ಲ, ದಸರೆಯ ಮುಂಜಾನೆ ಪೂಜೆ ಮಾಡಿ ಅಲ್ಲೇ ಎತ್ತಿಕೊಳ್ಳುತ್ತಾರೆ. ಮದುವೆಯಾದ ವರ್ಷ ನನಗೆ ತಿಳಿಯದೇ ಹೋಗಿತ್ತು, ಆಡುವವರ ಸಾಮಾನು ಯಾವುದು? ಚೆಂಡು ಕಂಪನಿಯದು. ಕೊನೆಗೆ ಇವರ ಕ್ಯಾನ್ವಾಸ್ ಬೂಟನ್ನೇ ಸಬಕಾರ ಹಾಕಿ ತೊಳೆದು, ದೇವರಿಂದ ದೂರ ಬೇರೆ ಮಣೆಯ ಮೇಲೆ ಇಟ್ಟೆ. ಕಾಕು ಗಾಬರಿಯಾಗಿ, "ಬೂಟಿಗೆ ಕುಂಕುಮವೇ?" ಅಂದಿದ್ದರು. "ಒಕ್ಕಲಿಗನಿಗೆ ನೇಗಿಲು, ಇವರಿಗೆ ಇದು," ಅಂದಿದ್ದೆ. ಅಂದಿನಿಂದ ವರ್ಷವೂ ಹಾಗೇ.

ಈ ಸಲವೂ ಇಟ್ಟೆ. ಬೇಕೆಂದೇ ಇಟ್ಟೆಯಾ ಎಂದು ಕೇಳಿದರೆ, ಪ್ರತಿ ವರ್ಷದ ಜಾಗದಲ್ಲೇ ಇಟ್ಟೆ. ತುಸು ಬೇಗ ಇಟ್ಟೆ, ಅಷ್ಟೇ. ಇವರಿಗೆ ಆಟದ ಗುಂಗಿನಲ್ಲಿ ತಿಥಿ ಮರೆತಿತ್ತು.

ಮಧ್ಯಾಹ್ನ ಪಟ್ಟಿ ಸುತ್ತಿಕೊಂಡು ಎದ್ದರು. "ಬೂಟು ಎಲ್ಲಿ?"

"ಪೂಜಾಕ ಕುಂತಾವ."

"ಇವತ್ತ ಮ್ಯಾಚ್ ಅದ."

"ಇವತ್ತ ಖಂಡೇನವಮಿ ಅದ್ರಿ."

ಇವರ ಅಳತೆಯ ಬೂಟು ಇಡೀ ನಾಸಿಕದಲ್ಲಿ ಇನ್ನೊಂದಿರಲಿಲ್ಲ, ಮುಂಬಯಿಯಲ್ಲಿ ಹೇಳಿ ಮಾಡಿಸಿದ್ದು. "ಎತ್ತಿ ಕೊಡು," ಅಂದರು.

"ನಾ ಎತ್ತಂಗಿಲ್ಲ. ನಿಮ್ಮ ಕೈ ನನಗಿಂತ ಉದ್ದ ಅವ, ನೀವೇ ಎತ್ಕೋರಿ."

ಬಾಗಿಲಲ್ಲಿ ನಿಂತಿದ್ದ ಕಾಕುವಿಗೆ ಇವರ ಮೇಲೆ ಕನಿಕರ. "ಎತ್ತಿಕೊಳ್ಳಪ್ಪ, ನಮ್ಮಲ್ಲಿ ಪೂಜೆ ನಾಳೆ. ನಾಸಿಕದಲ್ಲಿದ್ದವರಿಗೆ ನಾಸಿಕದ ದೇವರ ಲೆಕ್ಕ."

ಇವರು ಕೈ ಚಾಚಿದರು. ಬೂಟಿನ ಮೂತಿಯ ಮೇಲೆ ಕುಂಕುಮ, ಲಾಡಿಗೆ ಸಿಕ್ಕಿಸಿದ ಚೆಂಡು ಹೂ. ಚಾಚಿದ ಕೈ ಹಾಗೇ ನಿಂತಿತು. ಇವರ ತಂದೆ ನವಮಿಯ ದಿನ ಉಳಿ, ಬಾಚಿಗಳನ್ನು ಪೂಜೆಗೆ ಇಟ್ಟ ಮೇಲೆ, ಊರ ಗೌಡರ ಮನೆಯ ಬಾಗಿಲು ಕಳಚಿ ಬಿದ್ದರೂ ಎತ್ತಿರಲಿಲ್ಲವಂತೆ, ಇವರೇ ನನಗೆ ಹೇಳಿದ್ದು. ಕೈ ಹಿಂದೆ ತೆಗೆದುಕೊಂಡರು. ನನ್ನನ್ನು ನೋಡಲಿಲ್ಲ. ಚಪ್ಪಲಿ ಮೆಟ್ಟಿ, ಗೋಧಡಿ ಕಟ್ಟಿದ ಬಾಗಿಲಿಗೂ ತಲೆ ತಾಗಿಸಿಕೊಂಡು ಹೊರಗೆ ಹೋದರು.

ನಾನು ಅಲ್ಲಿಯವರೆಗೆ ಇವರ ಆಟ ನೋಡಿರಲಿಲ್ಲ. ಆ ದಿನ ಹೆದರಿಕೆ ತಡೆಯದೆ, ಬರಿಗಾಲಲ್ಲೇ ಇಳಿದುಬಿಟ್ಟರೆ ಎಂದು, ಗೌರಿಯನ್ನು ಎತ್ತಿಕೊಂಡು ಕಾಕುವಿನ ಜೊತೆ ಕೋರ್ಟಿಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಹುರಿದ ಶೇಂಗಾ ಕಟ್ಟಿಕೊಂಡಿದ್ದೆ.

ದೇಶಮುಖ ಇವರ ಕಾಲು ನೋಡಿ, "ದಾದಾ, ಬೂಟು?" ಅಂದ.

"ಪೂಜೆಗೆ ಕೂತಿವೆ."

ಹುಡುಗರು ನಕ್ಕರು. ಔರಂಗಾಬಾದಿನವನೊಬ್ಬ, "ಹಾಗಾದರೆ ಆರತಿ ಮಾಡಿ ಮನೆಗೆ ಹೋಗಿ, ಕಪ್ಪು ನಾವು ಒಯ್ಯುತ್ತೇವೆ," ಎಂದು ಕೆಣಕಿದ. ಇವರು ಬೆಂಚಿನ ಮೇಲೆ ಕೂತರು. ಆಟ ಸುರುವಾಯಿತು. ನಮ್ಮವರಿಗೆ ದಿಕ್ಕೇ ತಿಳಿಯುತ್ತಿರಲಿಲ್ಲ, ಔರಂಗಾಬಾದಿನವರು ಹಾಕುತ್ತಲೇ ಇದ್ದರು. ಇವರು ಮೊದಲು ಮುಖ ಗಂಟಿಕ್ಕಿಕೊಂಡಿದ್ದರು. ಆಮೇಲೆ ಅಲ್ಲಿಂದಲೇ ಕೂಗತೊಡಗಿದರು. ಅರ್ಧ ಆಟ ಮುಗಿದಾಗ ನೇರ ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ.

"ಶೇಂಗಾ ಅವ ಏನು?" ಅಂದರು.

ಕೊಟ್ಟೆ. ತಿನ್ನಲಿಲ್ಲ. ನೆಲದ ಮೇಲೆ ಒಂದೊಂದೇ ಕಾಳು ಇಟ್ಟು ಹುಡುಗರನ್ನು ಸುತ್ತ ಕೂಡಿಸಿಕೊಂಡರು. ಈ ಕಾಳು ನೀನು, ಇದು ಅವರ ಉದ್ದನೆಯವನು. ಅವನು ಯಾವಾಗಲೂ ಎಡಕ್ಕೇ ತಿರುಗುತ್ತಾನೆ, ನೀನು ಮೊದಲೇ ಅಲ್ಲಿರು. ಮನೆಯಲ್ಲಿ ಮೂರು ಮಾತಿನ ಮೇಲೆ ನಾಲ್ಕನೆಯದು ಆಡದವರು ಅಲ್ಲಿ ಮರಾಠಿಯಲ್ಲಿ, ಹಿಂದಿಯಲ್ಲಿ, ಬೈಯುವಾಗ ಕನ್ನಡದಲ್ಲಿ ಮಾತಾಡುತ್ತಿದ್ದರು. ಮುಖ ನೋಡಿದೆ. ಹೆಗಲ ಮೇಲೆ ಬಂದ ದಿನದ ಮುಖಕ್ಕಿಂತ ಅದು ನನಗೆ ಚೆಂದ ಕಂಡಿತು.

ಆಮೇಲೆ ನಮ್ಮವರ ಅಂಕ ಏರಿತು. ಕಾಕು ನಿಂತು ಸೆರಗು ಬೀಸಿದರು. ಕೊನೆಗೆ ನಮ್ಮ ತಂಡ ಒಂದೇ ಬುಟ್ಟಿಯಿಂದ ಸೋತಿತು. ಯಾರೂ ಸೋತವರ ಹಾಗೆ ಇರಲಿಲ್ಲ. ನೆಲದ ಮೇಲಿನ ಕಾಳುಗಳನ್ನು ಗೌರಿ ಆರಿಸಿ ತಿಂದಳು.

ಮರುದಿನ ದಸರೆ. ನಮ್ಮಲ್ಲಿ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುವ ಹಾಗೆ, ಇಲ್ಲಿ ಆಪಟಾ ಎಂಬ ಮರದ ಎಲೆಗೆ ಸೋನಂ, ಅಂದರೆ ಬಂಗಾರ, ಎಂದು ಕರೆದು ಹಂಚುತ್ತಾರೆ. ಸಂಜೆ ಎಲೆ ಹಿಡಿದು ಬಂದವರಲ್ಲಿ ಔರಂಗಾಬಾದ್ ಗಿರಣಿಯ ಮ್ಯಾನೇಜರ್ ಖಾನ್ ಸಾಹೇಬರೂ ಇದ್ದರು. ಅವರೂ ಬಾಗಿಲಲ್ಲಿ ಬಾಗಿದರು, ಮರ್ಯಾದೆಗೆ. ಚಹಾಕ್ಕೆ ಸಕ್ಕರೆ ಎಷ್ಟು ಎಂದರೆ "ನಕ್ಕೊ, ಬಸ್" ಅಂದರು. ಆ ನಕ್ಕೊ ಕೇಳಿ ನನ್ನ ಕಿವಿ ನೆಟ್ಟಗಾಯಿತು. ಬೇಡ ಅನ್ನುವುದನ್ನು ಸೇಡಂ ಸಂತೆಯ ಬಳೆಗಾರ ಸಾಬರೂ ಹಾಗೇ ಅನ್ನುತ್ತಾರೆ.

"ಬೂಟಿಲ್ಲದೆ ನಮ್ಮ ಹುಡುಗರನ್ನು ಇಷ್ಟು ಅಳಿಸಿದಿರಿ," ಅಂದರು ಇವರಿಗೆ. "ಗಿರಣಿಯವರು ಆಟ ಕಲಿಸುವವರನ್ನು ಹುಡುಕುತ್ತಿದ್ದಾರೆ. ಬರುತ್ತೀರಾ?"

ಇವರು ನನ್ನ ಕಡೆ ತಿರುಗಿದರು. ಊರಿಗೆ ಹೋಗೋಣ ಎಂದು ವರ್ಷಗಳಿಂದ ಜಪ ಮಾಡಿದವಳು ನಾನು. ಊರಲ್ಲಿದ್ದ ಇವರ ಅಣ್ಣ, ನನ್ನ ಭಾವನವರೂ ಕರೆಯುತ್ತಿದ್ದರು, ಬಡಿಗತನ ಇದೆ, ಮನೆ ಇದೆ ಎಂದು. ಸಿನ್ನರಿನ ಕುರ್ಚಿಯೂ ಇತ್ತು. ಕುರ್ಚಿಯಲ್ಲಿ ಕೂತರೆ ಮತ್ತೆ ಗೋಡೆ ನೋಡುವ ಮುಖ. ಊರಿನಲ್ಲಿ ತಳವಿಲ್ಲದ ಬುಟ್ಟಿ ಎಲ್ಲಿಂದ ತರುವುದು?

"ಔರಂಗಾಬಾದಿನ ಹತ್ತಿರ ವೇರೂಳದಾಗ ಘೃಷ್ಣೇಶ್ವರ ಅದ ಅಲ್ರಿ?" ಎಂದು ಕೇಳಿದೆ.

"ಇದೆ ಅಮ್ಮಾ," ಅಂದರು ಖಾನ್ ಸಾಹೇಬರು, ಹೆಸರುಗಳಷ್ಟೇ ತಿಳಿದು.

"ಹಂಗಾದ್ರ ನಡೀರಿ," ಅಂದೆ.

ಒಂದು ಜ್ಯೋತಿರ್ಲಿಂಗದ ಮಗ್ಗುಲಿಂದ ಎತ್ತಿ ಶಿವ ನನ್ನನ್ನು ಇನ್ನೊಂದರ ಮಗ್ಗುಲಿಗೆ ಇಟ್ಟ. ಔರಂಗಾಬಾದು ನನಗೆ ಪರ ಊರು ಅನ್ನಿಸಲೇ ಇಲ್ಲ. ನಿಜಾಮನ ಕಾಲದಲ್ಲಿ ನಮ್ಮದೂ ಇದೂ ಒಂದೇ ರಾಜ್ಯ. ಅದೇ ದಖನಿ ಮಾತು, ಅದೇ ಕಮಾನಿನ ಬಾಗಿಲುಗಳು, ಅದೇ ಬಿಸಿಲು, ಕೈಮಾತು ಕೇಳುವ ಅದೇ ಜೋಳದ ಹಿಟ್ಟು. ಕಮಾನಿನ ಬಾಗಿಲಲ್ಲಿ ಇವರು ನೆಟ್ಟಗೆ ನಡೆದು ಒಳಗೆ ಬಂದರು. ಆದರೆ ಆಮಟಿಗೆ ಬೆಲ್ಲ ಬಿದ್ದಿಲ್ಲ ಎಂದು ಈಗ ನನ್ನ ನಾಲಿಗೆಯೇ ತಕರಾರು ಮಾಡುತ್ತದೆ. ಗಂಗೆಯಿಲ್ಲದ ಊರಿನಲ್ಲಿ ಮೊದಲ ಬೇಸಿಗೆ ನನಗೆ ಬಹಳ ಒಣ ಒಣ ಅನ್ನಿಸಿತು.

ಈ ಬೇಸಿಗೆಯಲ್ಲಿ ಗಿರಣಿಯ ಹುಡುಗರು ಇವರ ಜೊತೆ ಪಂದ್ಯಕ್ಕೆ ನಾಸಿಕಕ್ಕೆ ಹೋದರು. ಮೊನ್ನೆ ನಾನು ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಾಗ ಅವರ ಕ್ಯಾಪ್ಟನ್ ಮೆಟ್ಟಿಲೇರಿ ಬಂದು, "ಭಾಭಿ, ನಾಸಿಕವನ್ನು ಸೋಲಿಸಿದೆವು," ಅಂದ.

"ಛಲೋ ಆಯ್ತಪ್ಪ," ಅಂದೆ. ಆಮೇಲೆ ಬಾಯಿ ತಾನೇ ಕೇಳಿತು, "ದೇಶಮುಖ ಎಷ್ಟು ಹಾಕಿದ?" ಹುಡುಗ ನನ್ನನ್ನೇ ನೋಡಿದ. ನಾಸಿಕದಲ್ಲಿ ಹುಟ್ಟಿದ ಗೌರಿ, ನಾವು ಸೋತೆವು ಎಂದು ಮರಾಠಿಯಲ್ಲಿ ಅಳತೊಡಗಿದಳು. ಅವಳು ಕನ್ನಡವೆಲ್ಲ ತಿಳಿಯುತ್ತಾಳೆ, ಅಳುವುದು ಮಾತ್ರ ಮರಾಠಿಯಲ್ಲೇ.

ಇವರು ಹಿಂದಿನಿಂದ ನಿಧಾನ ಹತ್ತಿ ಬಂದು ಅವಳನ್ನು ಎತ್ತಿಕೊಂಡರು.

"ಕಾಕು ಬಂದಿದ್ರೇನ್ರಿ?"

"ಎದುರಿಗೇ ಕುಂತಿದ್ರು. ನನ್ನ ಮನೆಯ ಕೋಣೆಯಲ್ಲಿ ಮಲಗಿ ಕಲಿತ ಬುದ್ಧಿ ನನ್ನ ಊರಿನ ಮೇಲೇ ತೋರಿಸಿದೆಯಲ್ಲೋ ಅಂತ ಎಲ್ಲರ ಮುಂದ ಬೈದ್ರು. ಆಮ್ಯಾಲ ಊಟಕ್ಕ ಕರಕೊಂಡು ಹೋದ್ರು."

"ಮತ್ತ ನೀವೇನಂದ್ರಿ?"

"ಏನನ್ನಲಿ? ಬುಟ್ಟಿಗಿ ಬಿದ್ದಾಗೆಲ್ಲ ಚಪ್ಪಾಳಿ ಹೊಡೆದೀನಿ. ಎರಡೂ ಕಡಿ."

"ಹುಡುಗರು ಸಿಟ್ಟಾಗ್ಲಿಲ್ಲ?"

"ಆದ್ರು. ನಮ್ಮ ಮಾಸ್ತರ ಯಾವ ಊರವ ಅಂತ ಕೇಳಿದ್ರು." ಗೌರಿಯ ಕಣ್ಣು ಒರೆಸುತ್ತ, "ನೀ ಹೇಳು, ನಾ ಯಾವ ಊರವ?" ಅಂದರು.

ನಾನು ದಕ್ಷಿಣಕ್ಕೆ ನೋಡಿದೆ, ಸೇಡಂ ಆ ಕಡೆ. ಪಶ್ಚಿಮಕ್ಕೆ ನೋಡಿದೆ, ನಾಸಿಕ ಆ ಕಡೆ. ನಿಂತದ್ದು ಔರಂಗಾಬಾದಿನ ಮಾಳಿಗೆಯ ಮೇಲೆ.

"ಮೊದಲ ಕಾಲು ತೊಳ್ಕೊಂಡು ಬರ್ರಿ," ಅಂದೆ. "ಹಿಟ್ಟು ಆರಲಾಕ ಹತ್ಯಾದ."

ಅವರು ಮಗಳನ್ನು ಎತ್ತಿಕೊಂಡು ಕೆಳಗೆ ಇಳಿದರು. ನಾನು ಕೈ ಒದ್ದೆ ಮಾಡಿಕೊಂಡು, ಉಳಿದ ಹಿಟ್ಟನ್ನು ಹಾಸಿದ ಸೀರೆಯ ಮೇಲೆ ಒಂದೊಂದೇ ಸಂಡಿಗೆಯಾಗಿ ಹಾಕುತ್ತ ಹೋದೆ.